ಮಿಕ್ಸಿಯ ಪಕ್ಕದ ಸರ್ವರ್

ಪುಟ್ಟಬಸಮ್ಮನವರ ಮನೆಯಲ್ಲಿ ಗಿರಾಕಿಗಳನ್ನೂ ನೆಂಟರನ್ನೂ ಬೇರೆ ಬೇರೆಯಾಗಿ ನೋಡುವ ಏರ್ಪಾಡು ಇರಲಿಲ್ಲ. ಹೊಸಿಲು ದಾಟಿ ಒಳಗೆ ಬಂದವರು ಯಾರೇ ಇರಲಿ, ಕರೆಂಟ್ ಮೀಟರ್ ನೋಡುವವನಿರಲಿ, ಓಟು ಕೇಳುವವನಿರಲಿ, ಏನಾದರೂ ಬಾಯಿಗೆ ಹಾಕಿಕೊಂಡೇ ಹೊರಡಬೇಕು. ಹೀಗಾಗಿ ಸೊಸೆ ದಿವ್ಯ ಆ ಮನೆಯಲ್ಲಿ ಶುರು ಮಾಡಿದ ವ್ಯಾಪಾರ, ಗಿರಾಕಿಗಳು ಬಾರದೆ ಅಲ್ಲ, ಬಂದವರಿಗೆ ಬಡಿಸಿ ಬಡಿಸಿ ಮುಳುಗುವ ಹಂತಕ್ಕೆ ಬಂತು.

ಅವರ ಮನೆ ಕಾಮಗೆರೆಯಲ್ಲಿ, ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಗೆ ಮುಖ ಮಾಡಿಕೊಂಡಿದೆ. ಯಜಮಾನರು ಪುಟ್ಟಮಾದಪ್ಪ, ತೆಂಗಿನ ತೋಟ, ಒಂದಿಷ್ಟು ಗದ್ದೆ, ಹಜಾರದಲ್ಲಿ ಒಂದು ಈಸಿ ಚೇರು. ಮಗ ಶಾಂತಮೂರ್ತಿಗೆ ಕೊಳ್ಳೇಗಾಲದಲ್ಲಿ ಫೋಟೋ ಸ್ಟುಡಿಯೋ. ಮದುವೆ, ನಾಮಕರಣ, ಗೃಹಪ್ರವೇಶ ಯಾವುದಾದರೂ ಸರಿ. ಹೋದ ವರ್ಷ ಅವನು ಸುತ್ತಲಿನದನ್ನೆಲ್ಲ ಒಟ್ಟಿಗೇ ಹಿಡಿಯುವ ಹೊಸ ಕ್ಯಾಮೆರಾ ತಂದ. ಕೋಲಿನ ತುದಿಯಲ್ಲಿ ಸಣ್ಣ ನಿಂಬೆಹಣ್ಣಿನಂತೆ ಕೂರುತ್ತದೆ. ಅದಕ್ಕೆ ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಆಮೇಲೆ ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ನೋಡಿದರೆ ಮದುವೆ ಮಂಟಪದ ನಡುವೆಯೇ ನಿಂತ ಹಾಗೆ. ತಲೆ ತಿರುಗಿಸಿದ ಕಡೆಯೆಲ್ಲ ಮದುವೆ.

ಕಷ್ಟ ಶುರುವಾದದ್ದು ಅದನ್ನು ತೋರಿಸುವುದರಲ್ಲಿ. ಎರಡು ಮದುವೆ ತುಂಬಿದರೆ ಹೆಡ್‌ಸೆಟ್ಟು ಹೊಟ್ಟೆ ತುಂಬಿತು ಅನ್ನುತ್ತಿತ್ತು. ಇಂಟರ್ನೆಟ್ಟಿಗೆ ಏರಿಸೋಣವೆಂದರೆ, ವಧೂವರರ ಮೊದಲ ಮಗುವಿನ ನಾಮಕರಣದೊಳಗೆ ಅದು ಏರುವ ಸೂಚನೆ ಕಾಣಲಿಲ್ಲ. ಆಗ ದಾರಿ ಹುಡುಕಿದವಳು ದಿವ್ಯ. ಯಳಂದೂರಿನ ಹುಡುಗಿ, ಬಿ.ಸಿ.ಎ. ಓದಿದವಳು. ಒಬ್ಬಟ್ಟಿನ ಡಬ್ಬದಷ್ಟಿರುವ ಹಳೇ ಕಂಪ್ಯೂಟರೊಂದನ್ನು ಕೊಂಡು, ಎಲ್ಲ ಮದುವೆಗಳನ್ನೂ ಅದರಲ್ಲಿ ಸುರಿದು, ಅದನ್ನೇ ಮನೆಯ ಸರ್ವರ್ ಮಾಡಿದಳು. ಹೆಡ್‌ಸೆಟ್ಟಿನಲ್ಲಿ ಅದರ ವಿಳಾಸ ಒತ್ತಿದರೆ ಒಂದು ಪುಟ ತೆರೆಯುತ್ತಿತ್ತು. ಅದರ ತುಂಬ ಒಂದೊಂದು ಮದುವೆಗೆ ಒಂದೊಂದು ಚಿತ್ರ. ಬೇಕಾದ್ದನ್ನು ಒತ್ತಿದರೆ ವಾಲಗ ಶುರು. ಮನೆಯ ವೈಫೈ ಸಾಕು, ಹೊರಗಿನ ಇಂಟರ್ನೆಟ್ಟಿನ ಹಂಗಿಲ್ಲ.

ಮೊದಲ ಸಲ ವಿಳಾಸ ಒತ್ತಿದಾಗ ಹೆಡ್‌ಸೆಟ್ಟು ಒಂದು ಎಚ್ಚರಿಕೆ ತೋರಿಸಿತು: ಈ ಸಂಪರ್ಕ ಖಾಸಗಿಯಲ್ಲ. ಮನೆಯಲ್ಲೇ ಮಾಡಿದ ಸರ್ವರನ್ನು ಅದು ನಂಬುವುದಿಲ್ಲ, ಪರವಾಗಿಲ್ಲ ಮುಂದುವರಿ ಎಂದು ಒತ್ತಿದರಾಯಿತು ಎಂದು ದಿವ್ಯ ಗಂಡನಿಗೆ ಹೇಳಿಕೊಟ್ಟಳು. ಪುಟ್ಟಬಸಮ್ಮ ಬಾಗಿಲ ಸಂದಿಯಲ್ಲಿ ನಿಂತು ಇಬ್ಬರ ಮಾತನ್ನೂ ಕೇಳಿಸಿಕೊಳ್ಳುತ್ತಿದ್ದುದರಿಂದ ಯಂತ್ರ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಮಾವನವರಿಗೆ ಸತ್ತೇಗಾಲದ ಮದುವೆಯೊಂದನ್ನು ತೋರಿಸಿ ಪರೀಕ್ಷೆ ಮಾಡಿದರು. ಪುಟ್ಟಮಾದಪ್ಪ ಈಸಿ ಚೇರಿನಿಂದ ಎದ್ದು, ಗಾಳಿಗೆ ಕೈಮುಗಿದು, "ನಮಸ್ಕಾರ, ನಮಸ್ಕಾರ, ಊಟ ಆಯ್ತಾ?" ಎಂದು ನಾಲ್ಕೂ ದಿಕ್ಕಿಗೆ ಕೇಳಿದರು. ಹೆಡ್‌ಸೆಟ್ ತೆಗೆದ ಮೇಲೆ ಮುಖ ಸಪ್ಪಗಾಗಿತ್ತು.

"ಸತ್ತೇಗಾಲದೋರು ಯಾವಾಗ್ಲೂ ಇಂಗೇಯ. ಎದುರ್ಗ ನಿಂತ್ರೂ ಮಾತಾಡ್ಸಕಿಲ್ಲ," ಎಂದರು.

ಗಿರಾಕಿಗಳನ್ನು ಕೂರಿಸುವ ಜಾಗ ಮೊದಲು ಸ್ಟುಡಿಯೋದಲ್ಲೇ ಇತ್ತು. ಆದರೆ ಅದರ ಅಗಲ ಬಸ್ಸಿನ ಸೀಟಿನಷ್ಟು. ಮದುವೆಯಲ್ಲಿ ಹಿಂದೆ ಯಾರಿದ್ದಾರೆಂದು ನೋಡಲು ತಿರುಗಿದ ಮದುಮಗನೊಬ್ಬ ಶೋಕೇಸಿನ ಗಾಜು ಒಡೆದ ಮೇಲೆ, ಕಾಮಗೆರೆಯ ಮನೆಯ ಹಜಾರವೇ ಸರಿಯೆಂದು ತೀರ್ಮಾನವಾಯಿತು. ಸರ್ವರನ್ನು ಅಡುಗೆಮನೆಯಲ್ಲಿಟ್ಟರು; ಇನ್ವರ್ಟರಿನ ತಂತಿ ಇದ್ದದ್ದು ಅಲ್ಲಿಯ ಒಂದೇ ಪ್ಲಗ್ಗಿಗೆ. ಅದರ ಪಕ್ಕದ ಪ್ಲಗ್ಗು ಹೋದ ಮಳೆಗಾಲದಲ್ಲಿ ಸುಟ್ಟಿತ್ತು. ಶಾಂತಮೂರ್ತಿ ಅದನ್ನು ನಾಳೆ ರಿಪೇರಿ ಮಾಡಿಸುವವನಿದ್ದ. ಮಿಕ್ಸಿಗೂ ಸರ್ವರಿಗೂ ಸೇರಿ ಉಳಿದದ್ದು ಒಂದೇ ಬಾಯಿ.

ದಿವ್ಯ ಇದಕ್ಕೆ ಮುಂಚೆ ಕೊಳ್ಳೇಗಾಲದ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕಂಪ್ಯೂಟರ್ ಟೀಚರ್ ಆಗಿದ್ದಳು. ಅಲ್ಲಿನ ಕಂಪ್ಯೂಟರಿಗೆ ಸದಾ ಹೊದಿಕೆ. ಅವಳ ನಿಜವಾದ ಕೆಲಸ ಶಾಲೆಯ ವ್ಯಾನಿನಲ್ಲಿ ಕೂತು, ವಾಂತಿ ಮಾಡುವ ಮಕ್ಕಳನ್ನು ಕಿಟಕಿಯ ಕಡೆ ತಿರುಗಿಸುವುದು. ಬೇಸಿಗೆ ರಜೆಗೆ ಮನೆಗೆ ಬಂದವಳು ಇನ್ನು ಹೋಗುವುದಿಲ್ಲ ಎಂದಳು. ಹೆಡ್‌ಮಾಸ್ಟರ್ ಪ್ರಭುಸ್ವಾಮಿ ಒಳ್ಳೆಯವರು. ಶಾಲೆ ತೆರೆಯುವವರೆಗೆ ಜಾಗ ಖಾಲಿ ಇಟ್ಟಿರುತ್ತೇನೆ, ಯೋಚಿಸಿ ಹೇಳಮ್ಮ ಎಂದಿದ್ದರು. ಪುಟ್ಟಬಸಮ್ಮನಿಗೆ ಯೋಚಿಸುವುದೇ ಬೇಕಿರಲಿಲ್ಲ. ಸೊಸೆ ಟೀಚರು ಅಂದರೆ ಬೀದಿಯಲ್ಲಿ ಒಂದು ತೂಕ. ಪುಟ್ಟಮಾದಪ್ಪ ಮಾತ್ರ ಪಂಚಾಯ್ತಿಯವರಂತೆ ಮಧ್ಯದ ದಾರಿ ಹೇಳಿದ್ದರು.

"ಸ್ಕೂಲು ಸುರುವಾಗೋಗಂಟ ನಿನ್ ಪೆಟ್ಗ ನಡ್ಸು ತಾಯಿ. ಅದು ತನ್ ಕಾಲ್ ಮ್ಯಾಲ ನಿಂತ್ರ ಸರಿ. ನಿಲ್ನಿಲ್ಲ ಅಂದ್ರ ವ್ಯಾನ್ ಅತ್ತು."

ಅಂದರೆ ದಿವ್ಯಳಿಗೆ ಉಳಿದದ್ದು ಒಂದು ಮದುವೆ ಸೀಸನ್ನು.

ಮೊದಲ ಜೋಡಿ ಬಂದದ್ದು ಯುಗಾದಿ ಕಳೆದ ಮೇಲೆ. ಹುಡುಗ, ಹುಡುಗಿ, ಹುಡುಗಿಯ ತಾಯಿ. ಚೆನ್ನಾಗಿ ನೋಡಿದರು, ನಕ್ಕರು, ಅತ್ತರು, ದುಡ್ಡು ಕೊಟ್ಟರು. ಹೊರಡುವಾಗ ಪುಟ್ಟಬಸಮ್ಮ ತಡೆದು ಕೂರಿಸಿ, ಶಾವಿಗೆ ಪಾಯಸ ಬಡಿಸಿ, ಹುಡುಗಿಗೆ ಅರಿಶಿನ ಕುಂಕುಮ ಕೊಟ್ಟು, ತೆಂಗಿನಕಾಯಿ, ರವಿಕೆ ಕಣ, ಎಲೆ ಅಡಿಕೆ ಇಟ್ಟು ಮಡಿಲು ತುಂಬಿ ಕಳಿಸಿದರು. ಮಧ್ಯಾಹ್ನದ ಊಟಕ್ಕೆ ಕೂತಾಗ ಮಾತು ಬಂತು.

"ಅತ್ತೆ, ಅವ್ರು ವಿಡಿಯೋ ನೋಡೋಕೆ ಬಂದಿದ್ದೋರು," ಎಂದಳು ದಿವ್ಯ.

"ನೋಡುದ್ರಲ್ಲ. ನಾನೇನ್ ಕಣ್ ಮುಚ್ಚಿದ್ನಾ?"

"ಪಾಯ್ಸ ಹಾಕಿ, ಮಡ್ಲು ತುಂಬಿ ಕಳಿಸಿದ್ರಿ."

"ಒಸ ಜೋಡಿ ಮೊದುಲ್ನೇ ಸಲ ಬಾಗ್ಲುಗ ಬಂದದ. ಬರೀ ಮಡ್ಲಲ್ಲಿ ಕಳ್ಸು ಅಂದಯಾ?"

"ಅವ್ರು ಗಿರಾಕಿ ಅತ್ತೆ!"

"ಗಿರಾಕಿಗ ಮಡ್ಲು ಇರಕಿಲ್ವಾ?"

ಶಾಂತಮೂರ್ತಿ ಗಂಟಲು ಸರಿ ಮಾಡಿಕೊಂಡ. "ಅವ್ವ, ದಿವ್ಯ ಏಳೋದ್ ಯಾನ ಅಂದ್ರ..."

"ನೀನು ಮೊದ್ಲು ಆ ಪ್ಲಗ್ಗು ಮಾಡ್ಸು."

"ನಾಳ ಮಾಡುಸ್ತೀನಿ," ಎಂದು ಅವನು ಸಾರಿಗೆ ಕೈ ಹಾಕಿದ.

ಪುಟ್ಟಬಸಮ್ಮನ ವಾದದಲ್ಲಿ ತಪ್ಪಿರಲಿಲ್ಲ. ಕಷ್ಟ ಇದ್ದದ್ದು ವ್ಯಾಪಾರದ ಗುಣದಲ್ಲಿ. ಗೊಬ್ಬರದಂಗಡಿಗೆ ಅದೇ ಗಿರಾಕಿ ವರ್ಷವೆಲ್ಲ ಬರುತ್ತಾನೆ. ಮದುವೆ ವಿಡಿಯೋ ನೋಡಲು ಬರುವವರೆಲ್ಲ ಹೊಸ ಜೋಡಿಗಳೇ, ಎಲ್ಲರೂ ಬರುವುದು ಮೊದಲನೇ ಸಲವೇ. ಆ ಮನೆಯ ಲೆಕ್ಕದಲ್ಲಿ ಮಡಿಲು ತುಂಬಿಸಿಕೊಳ್ಳದೆ ಹೋಗಬಹುದಾದ ಗಿರಾಕಿ ಹುಟ್ಟಿಯೇ ಇರಲಿಲ್ಲ.

ಮುಂದಿನ ವಾರ ದಿವ್ಯ ಕಾನೂನು ಮಾಡಿದಳು: ಬರೀ ಕಾಫಿ. ಪುಟ್ಟಬಸಮ್ಮ ಒಪ್ಪಿದರು. ಅಂದಿನ ಜೋಡಿಗೆ ಕಾಫಿಯ ಜೊತೆ ಉಪ್ಪಿಟ್ಟು ಬಂತು, ಉಪ್ಪಿಟ್ಟಿನ ಜೊತೆ ಬಾಳೆಹಣ್ಣು ಬಂತು.

"ಬರೀ ಕಾಫಿ ಅಂದಿದ್ದೆ," ದಿವ್ಯ ಅಡುಗೆಮನೆಯಲ್ಲಿ ಪಿಸುಗುಟ್ಟಿದಳು.

"ಬರೀ ಕಾಫಿ ಕೊಟ್ ಕಳ್ಸಕ ಇದೇನ್ ಆಪೀಸಾ?" ಅತ್ತೆಯೂ ಪಿಸುಗುಟ್ಟಿದರು. ಹಜಾರದಲ್ಲಿ ಹೆಡ್‌ಸೆಟ್ ಕಟ್ಟಿಕೊಂಡಿದ್ದ ಹುಡುಗಿಯ ಹೊರತು ಎಲ್ಲರಿಗೂ ಕೇಳಿಸಿತು.

ಆಮೇಲೆ ಸಮಯ ಕೊಡುವ ಪದ್ಧತಿ ತಂದಳು. ಊಟದ ಹೊತ್ತೂ ಅಲ್ಲದ, ತಿಂಡಿಯ ಹೊತ್ತೂ ಅಲ್ಲದ ಮಧ್ಯಾಹ್ನ ಮೂರಕ್ಕೇ ಬರಬೇಕು. ಹನೂರಿನವರು ಹನ್ನೆರಡಕ್ಕೇ ಬಂದಿಳಿದರು. ಬಸ್ಸು ಇದ್ದದ್ದು ಆಗಲೇ ಅಂತೆ. ಮೂರರವರೆಗೆ ಹಜಾರದಲ್ಲಿ ಕೂತರು. ಹೊರಗಿನವರು ನೋಡುತ್ತ ಕೂತಿರಲು ಮನೆಯವರು ಉಣ್ಣುವುದು ಹೇಗೆ? ಎಲ್ಲರಿಗೂ ಎಲೆ ಬಿತ್ತು. ದಿವ್ಯಳೇ ಬಡಿಸಿದಳು, ಹಲ್ಲು ಕಚ್ಚಿಕೊಂಡು.

"ಇನ್ನೊಸಿ ಆಕಸ್ಕಳಿ, ನಾಚ್ಕಬ್ಯಾಡಿ," ಎಂದು ಪುಟ್ಟಬಸಮ್ಮ ಉಪಚಾರ ಮಾಡಿದರು. ಅವರು ನಾಚಿಕೊಳ್ಳಲಿಲ್ಲ.

ಸುದ್ದಿ ಹರಡಿತು. ಕಾಮಗೆರೆಯಲ್ಲಿ ಮದುವೆ ತೋರಿಸುತ್ತಾರೆ, ಊಟವೂ ಚೆನ್ನಾಗಿರುತ್ತದೆ. ಜೋಡಿಯ ಹಿಂದೆ ಚಿಕ್ಕಪ್ಪ, ದೊಡ್ಡಮ್ಮ, ಪಕ್ಕದ ಮನೆಯವರು ಬರತೊಡಗಿದರು. ತೋಟದ ಕಾಯಿ ಒಂದೊಂದಾಗಿ ಮಡಿಲು ಸೇರುವುದನ್ನು ಪುಟ್ಟಮಾದಪ್ಪ ಈಸಿ ಚೇರಿನಿಂದ ನೋಡುತ್ತಿದ್ದರು.

"ಈ ಸಲ ಕಾಯಿ ಮಾರಕ ಮಂಡಿಗ ಓಗಂಗೇ ಇಲ್ಲ. ಮಂಡೀನೇ ಇಲ್ಲಿಗ ಬತ್ತಾ ಅದ," ಎಂದರು.

ಒಂದು ಸಂಜೆ ದಿವ್ಯ ಸೌತೆಕಾಯಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು.

"ಅತ್ತೆ, ನೇರವಾಗಿ ಕೇಳ್ತೀನಿ. ನಾನು ಸ್ಕೂಲಿಗೆ ವಾಪಸ್ ಹೋಗ್ಲಿ ಅಂತಾನೇ ಹೀಗೆ ಮಾಡ್ತಿದ್ದೀರಾ?"

ಪುಟ್ಟಬಸಮ್ಮ ಅವಳನ್ನೇ ದಿಟ್ಟಿಸಿದರು. "ಉಣ್ಣಾಕಿ ಯಾರ್ನಾರ ಕೆಡುಸ್ತಾರಾ? ಇದ್ಯಾನ ಮಾತು?"

"ಇನ್ನು ಸೀಸನ್ನು ಮುಗೀತಾ ಬಂತು. ಮಾವ ಹೇಳಿದ್ದು ನೆನಪಿದೆಯಲ್ಲ. ನನ್ನ ಪೆಟ್ಟಿಗೆ ಈ ಮನೆ ಊಟಕ್ಕೇ ಮುಚ್ಚೋಗುತ್ತೆ."

"ಮುಚ್ಚೋದ್ರ ಮುಚ್ಚೋಗ್ಲಿ. ಟೀಚರಾಗಿರು. ನಂಗೇನ್ ಬ್ಯಾಸ್ರ ಇಲ್ಲ," ಎಂದು ಪುಟ್ಟಬಸಮ್ಮ ಸೌತೆಕಾಯಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಆ ದಿನದ ಕೋಸಂಬರಿಯಲ್ಲಿ ಉಪ್ಪು ಇರಲಿಲ್ಲ.

ಆ ಮಾತಾಗಿ ಸ್ವಲ್ಪ ದಿನಕ್ಕೆ ಹನೂರಿನಾಚೆಯಿಂದ ಮಾದಸ್ವಾಮಿಯ ಕಡೆಯವರು ಬಂದರು. ಮಾದಸ್ವಾಮಿ ಹೊಸ ಮದುಮಗ. ಹೆಂಡತಿ ರಮ್ಯ, ಸೋದರತ್ತೆ ಚಿಕ್ಕಮಾದಮ್ಮ, ಇನ್ನೂ ಒಂದು ವ್ಯಾನು ತುಂಬುವಷ್ಟು ಜನ. ಬಂದದ್ದು ಮುಖ್ಯವಾಗಿ ಚಿಕ್ಕಮಾದಮ್ಮನಿಗಾಗಿ. ಮದುವೆಯಲ್ಲಿ ಉಗ್ರಾಣದ ಬೀಗದ ಕೈ ಆಯಮ್ಮನ ಸೊಂಟದಲ್ಲಿತ್ತು. ತಾಳಿ ಕಟ್ಟುವ ಹೊತ್ತಿಗೆ ಒಬ್ಬಟ್ಟು ಎಣಿಸಿಕೊಡುತ್ತ ಉಗ್ರಾಣದಲ್ಲೇ ಉಳಿದು, ಎತ್ತಿ ಆಡಿಸಿದ ಅಣ್ಣನ ಮಗನ ಮುಹೂರ್ತವನ್ನೇ ತಪ್ಪಿಸಿಕೊಂಡಿದ್ದರು. ಅಂದಿನಿಂದ ಯಾರನ್ನು ಕಂಡರೂ ಅದೇ ಮಾತು.

"ನಾನೊಬ್ಳೇ ಕಾಣ್ನಿಲ್ಲ ಕಣವ್ವ," ಎಂದು ಹೆಡ್‌ಸೆಟ್ ಕಟ್ಟಿಸಿಕೊಳ್ಳುವಾಗಲೇ ಕಣ್ಣೊರೆಸಿಕೊಂಡರು.

"ಈಗ ಕಾಣ್ತೀರ, ಕೂತ್ಕೊಳಿ," ದಿವ್ಯ ಪಟ್ಟಿ ಬಿಗಿಮಾಡಿದಳು.

ಅತ್ತ ಅಡುಗೆಮನೆಯಲ್ಲಿ ಪುಟ್ಟಬಸಮ್ಮ ಜನ ಎಣಿಸಿ ದೋಸೆಗೆ ಕಾವಲಿ ಇಟ್ಟಿದ್ದರು. ಮೊದಲ ಸರದಿಗೇ ಚಟ್ನಿ ತಳ ಕಂಡಿತು. ಕಾಯಿ ತುರಿದಾಗಿತ್ತು, ಮೆಣಸಿನಕಾಯಿ ಹುರಿದಾಗಿತ್ತು, ಕಾವಲಿಯ ಮೇಲೆ ದೋಸೆ ಕಾಯುತ್ತಿತ್ತು. ಸರ್ವರಿನ ಪ್ಲಗ್ಗಿನ ಮೇಲೆ ದಿವ್ಯ "ತೆಗೆಯಬೇಡಿ" ಎಂದು ಚೀಟಿ ಅಂಟಿಸಿದ್ದಳು. ಪುಟ್ಟಬಸಮ್ಮ ಅಷ್ಟು ದಿನವೂ ಅದನ್ನು ಪಾಲಿಸಿಕೊಂಡು ಬಂದಿದ್ದರು. ಆದರೆ ಚಟ್ನಿಯಿಲ್ಲದ ದೋಸೆಯನ್ನು ಮದುಮಗನ ಮುಂದಿಡುವುದು ಹೇಗೆ? ಒಂದು ಗಳಿಗೆ, ಅಷ್ಟೇ. ಚೀಟಿಗೆ ಬೆನ್ನು ಮಾಡಿ ಪ್ಲಗ್ಗು ಕಿತ್ತರು. ಮಿಕ್ಸಿ ಗುರ್ ಅಂದಿತು.

ಹಜಾರದಲ್ಲಿ ವಾಲಗ ಜೋರಾಗಿತ್ತು. ಚಿಕ್ಕಮಾದಮ್ಮ ಕುರ್ಚಿಯ ತುದಿಗೆ ಬಂದು, "ಕಟ್ಟು ಮಗಾ, ಕಟ್ಟು," ಎನ್ನುತ್ತಿದ್ದರು. ಆಮೇಲೆ ಸುಮ್ಮನಾದರು. ವಾಲಗವೂ ಸುಮ್ಮನಾಯಿತು.

"ಯಾಕ ನಿಂತ್ಗಂಡ?" ಎಂದರು ಚಿಕ್ಕಮಾದಮ್ಮ. "ಯಾಕ್ಲಾ ಮಾದಸ್ವಾಮಿ, ತಾಳಿ ಕೈಲಿಡ್ಕಂಡು ಯಾಕ್ಲಾ ನಿಂತ್ಗಂಡೆ? ಕಟ್ಲಾ!"

"ನಾನು ಇಲ್ಲೇ ಇವ್ನಿ ಕಣತ್ತ," ಎಂದ ಮಾದಸ್ವಾಮಿ, ದೋಸೆಯ ತಟ್ಟೆ ಹಿಡಿದುಕೊಂಡು.

"ನೀನಲ್ಲ ಕಣ್ಲಾ, ಅವ್ನು!"

ದಿವ್ಯಳಿಗೆ ಮಿಕ್ಸಿಯ ಸದ್ದು ಕೇಳಿಸಿತು. "ಅತ್ತೆ! ಪ್ಲಗ್ಗು!" ಎಂದು ಕಿರುಚಿದಳು. ಮಿಕ್ಸಿ ನಿಂತಿತು. ಆದರೆ ತಾಳಿ ನಡುಗಾಳಿಯಲ್ಲೇ ಇತ್ತು. ಚಿಕ್ಕಮಾದಮ್ಮ ಹೆಡ್‌ಸೆಟ್ ಕಿತ್ತು, ಬೆವರಿದ ಮುಖದಲ್ಲಿ ಎಲ್ಲರನ್ನೂ ನೋಡಿದರು.

"ತಾಳಿ ಅರ್ಧಕ್ಕೇ ನಿಂತೋಯ್ತಲ್ಲ," ಎಂದರು. "ನನ್ ಕಣ್ಣಿಗೇ ಇಂಗ್ ಆಗ್ಬೇಕಾ? ಇದ್ಯಾನ ಸಕುನ?"

ರಮ್ಯ ತನ್ನ ತಾಳಿಯನ್ನು ಮುಟ್ಟಿ ನೋಡಿಕೊಂಡಳು. ಅದು ಇತ್ತು. ಆದರೂ ಅವಳ ಮುಖ ಇಳಿಯಿತು.

"ಏನೂ ಆಗಿಲ್ಲಮ್ಮ, ಕರೆಂಟ್ ಹೋಯ್ತು ಅಷ್ಟೆ. ಸರ್ವರ್ ಆನ್ ಆದ್ರೆ ಅಲ್ಲಿಂದಾನೇ ತೋರಿಸ್ತೀನಿ," ಎಂದಳು ದಿವ್ಯ.

"ಅಲ್ಲಿಂದ ತೋರ್ಸುದ್ರ ನಿಂತದ್ದು ನಿಲ್ನಿಲ್ಲ ಅಂತ ಆದದಾ? ನಮ್ಮೂರ್ಗ ಯಾನಂತ ಏಳ್ಲಿ ನಾನು?"

ಊರಿಗೆ ಏನೆಂದು ಹೇಳುತ್ತಾರೆ ಎಂಬುದು ದಿವ್ಯಳಿಗೆ ಗೊತ್ತಾಯಿತು. ಕಾಮಗೆರೆಯಲ್ಲಿ ಮದುವೆ ನೋಡಿದರೆ ತಾಳಿ ನಿಲ್ಲುತ್ತದೆ. ಆಮೇಲೆ ಹನೂರಿನ ದಿಕ್ಕಿನಿಂದ ಒಂದು ಜೋಡಿಯೂ ಬರುವುದಿಲ್ಲ. ಅದೇ ಹೊತ್ತಿಗೆ ಅವಳ ಫೋನು ಹೊಡೆದುಕೊಂಡಿತು. ಹೆಡ್‌ಮಾಸ್ಟರ್ ಪ್ರಭುಸ್ವಾಮಿ. ಮುಂದಿನ ವಾರದೊಳಗೆ ಹೇಳಿಬಿಡಮ್ಮ, ಬೇರೆಯವರು ಕೇಳುತ್ತಿದ್ದಾರೆ ಎಂದರು. ಹೇಳ್ತೀನಿ ಸರ್ ಎಂದು ಅವಳು ಗೋಡೆ ನೋಡುತ್ತ ನಿಂತಳು.

ಪುಟ್ಟಬಸಮ್ಮ ಚಟ್ನಿಯ ಕೈಯಲ್ಲೇ ಹೊರಗೆ ಬಂದರು. ಚಿಕ್ಕಮಾದಮ್ಮನನ್ನು ನೋಡಿದರು, ಸೊಸೆಯ ಬೆನ್ನು ನೋಡಿದರು.

"ತೆಪ್ಪು ನಂದು ಕಣಕ್ಕ, ಪೆಟ್ಗದಲ್ಲ," ಎಂದರು. "ತಾಳಿ ನಿಂತದ್ದು ನನ್ ಚಟ್ನಿಗ. ಚಟ್ನಿಗ ಸಕುನ ಇಲ್ಲ. ಬರೀ ನೋಡ್ತಾ ಕೂತ್ರ ಅದು ಸಿನಿಮಾ, ನಡುವ ನಿಂತದ. ಮೊದ್ಲಿಂದ ಆಕು ದಿವ್ಯಾ. ಈ ಸಲ ಮದ್ವೆ ಮಾಡಂಗೆ ಮಾಡವ."

ಕೈ ತೊಳೆದು, ದೇವರ ಮುಂದೆ ದೀಪ ಹಚ್ಚಿದರು. ಅಕ್ಕಿಗೆ ಅರಿಶಿನ, ಒಂದು ತೊಟ್ಟು ತುಪ್ಪ ಹಾಕಿ ಅಕ್ಷತೆ ಕಲಸಿ ಎಲ್ಲರ ಕೈಗೂ ಕೊಟ್ಟರು. ಮಾದಸ್ವಾಮಿ ರಮ್ಯರನ್ನು ಚಿಕ್ಕಮಾದಮ್ಮನ ಎದುರಿಗೆ ಮಣೆ ಹಾಕಿ ಕೂರಿಸಿದರು. ಈಸಿ ಚೇರಿನ ಪುಟ್ಟಮಾದಪ್ಪನೂ ಶರ್ಟು ತೊಟ್ಟು ಬರಬೇಕಾಯಿತು. ಶಾಂತಮೂರ್ತಿಯನ್ನು ಪ್ಲಗ್ಗಿನ ಪಕ್ಕ ಕಾವಲು ನಿಲ್ಲಿಸಿದರು.

"ಅದ್ನ ಕಯ್ಯಲ್ಲಿ ಅದುಮ್ಕಂಡು ನಿಂತ್ಗೊ. ಅಳ್ಳಾಡ್ದಯಾ ಅಂದ್ರ ನೋಡು," ಎಂದರು.

ಮದುವೆ ಮೊದಲಿನಿಂದ ಶುರುವಾಯಿತು. ಹೆಡ್‌ಸೆಟ್ಟಿನ ಒಳಗಿನ ಮದುವೆ ಕಾಣುತ್ತಿದ್ದದ್ದು ಚಿಕ್ಕಮಾದಮ್ಮನಿಗೆ ಒಬ್ಬರಿಗೇ, ಉಳಿದವರು ಆಯಮ್ಮನ ಬಾಯಿ ನೋಡುತ್ತಿದ್ದರು.

"ಬಂದ... ಎದ್ದ... ತಾಳಿ ತಕಂಡ... ಕಟ್ದ! ಕಟ್ದ ಕಣ್ರವ್ವ, ಮೂರು ಗಂಟು!"

ಅಕ್ಷತೆ ಸುರಿಯಿತು. ಚಿಕ್ಕಮಾದಮ್ಮ ಹೆಡ್‌ಸೆಟ್ಟಿನೊಳಗಿನ ಜೋಡಿಯ ಕಡೆ ಎಸೆದದ್ದು ಪುಟ್ಟಮಾದಪ್ಪನ ಮುಖಕ್ಕೆ ಬಿತ್ತು. ಉಳಿದವರು ಎಸೆದದ್ದು ಹೆಡ್‌ಸೆಟ್ಟಿನ ಪಟ್ಟಿಯೊಳಗೆ ಸೇರಿತು. ವಾರವೆಲ್ಲ ದಿವ್ಯ ಅಕ್ಕಿ ಕೊಡವುತ್ತಿದ್ದಳು. ರಮ್ಯಳಿಗೆ ನಗು ತಡೆಯಲಾಗಲಿಲ್ಲ. ದೋಸೆಗಳು ಅಷ್ಟು ಹೊತ್ತಿಗೆ ತಣ್ಣಗಾಗಿದ್ದರೂ ಚಟ್ನಿ ಸಾಕಾಗುವಷ್ಟಿತ್ತು.

ಚಿಕ್ಕಮಾದಮ್ಮ ಊರಿಗೆ ಹೋಗಿ ಹೇಳಿದ್ದು ನಿಂತ ತಾಳಿಯ ಕಥೆಯನ್ನಲ್ಲ. ಕಾಮಗೆರೆಯ ಯಜಮಾನಿಯಮ್ಮ ಅಕ್ಷತೆ ಕೊಟ್ಟು ಮುಹೂರ್ತ ಮಾಡಿಸುತ್ತಾರೆ, ತಪ್ಪಿಸಿಕೊಂಡವರಿಗೂ ಮದುವೆ ಸಲ್ಲುತ್ತದೆ ಎಂದರು. ಮೂರನೇ ದಿನಕ್ಕೇ ಅವರ ಫೋನು ಬಂತು. ತಾಯಿ ಪುಟ್ಟಮಾದಮ್ಮ, ಅಂದರೆ ಮಾದಸ್ವಾಮಿಯ ಅಜ್ಜಿ, ಮದುವೆಗೆ ಮುಂಚೆ ಸೊಂಟ ಮುರಿದುಕೊಂಡು ಮಲಗಿದ್ದಾರೆ. ಮೊಮ್ಮಗನಿಗೆ ಅಕ್ಷತೆ ಹಾಕಲಿಲ್ಲವೆಂದು ಅನ್ನ ಸೇರುತ್ತಿಲ್ಲ. ಅವರನ್ನು ಕಾಮಗೆರೆಗೆ ಎತ್ತಿಕೊಂಡು ಬರೋಣವೇ?

"ಮಲಗಿರೋರನ್ನ ಯಾಕೆ ಎತ್ಕೊಂಡು ಬರ್ತೀರ? ನಾವೇ ಬರ್ತೀವಿ," ಎಂದಳು ದಿವ್ಯ.

"ನಮ್ ತಾವು ನೆಟ್‌ವರ್ಕ್ ಇಲ್ಲ ಕಣವ್ವ. ಫೋನ್ ಮಾಡಕೇ ದಿಣ್ಣೆ ಅತ್ತಬೇಕು."

"ನೆಟ್‌ವರ್ಕ್ ಬೇಡ. ಪೆಟ್ಟಿಗೆ ತರ್ತೀನಿ, ನಿಮ್ಮನೇಲಿ ಒಂದು ಪ್ಲಗ್ಗಿದ್ರೆ ಸಾಕು."

ಫೋನಿಟ್ಟ ಮೇಲೆ ದಿವ್ಯ ತಾನೇ ಹೇಳಿದ ಮಾತನ್ನು ಇನ್ನೊಮ್ಮೆ ಯೋಚಿಸಿದಳು. ಸರ್ವರಿಗೆ ಬೇಕಾದದ್ದು ಒಂದು ಪ್ಲಗ್ಗು. ಹಜಾರ ಬೇಡ, ಅಡುಗೆಮನೆ ಬೇಡ, ದೋಸೆ ಬೇಡ. ಇಷ್ಟು ದಿನ ಗಿರಾಕಿಗಳನ್ನು ಮನೆಗೆ ಕರೆಸಿ ಒದ್ದಾಡಿದ್ದಾಯಿತು.

"ನಾನೂ ಬತ್ತೀನಿ," ಎಂದರು ಪುಟ್ಟಬಸಮ್ಮ.

"ನೀವ್ಯಾಕೆ ಅತ್ತೆ?"

"ಅಕ್ಸತ ಯಾರ್ ಕಲಸಿ ಕೊಡ್ತಾರ, ನೀನ್ ಕೊಡ್ತೀಯಾ? ಎಣ್ಣ ಆಕ್ಬುಡ್ತೀಯ ನೀನು."

ಶಾಂತಮೂರ್ತಿಗೆ ಅಂದು ಯಳಂದೂರಿನಲ್ಲಿ ಮುಹೂರ್ತದ ಶೂಟಿಂಗ್. ಅತ್ತೆ ಸೊಸೆ ಬಸ್ಸಿನಲ್ಲಿ ಹೊರಟರು. ಹೊರಡುವ ಮುಂಚೆ ಪುಟ್ಟಬಸಮ್ಮ ಗಂಡನಿಗೆ ಅನ್ನ ಎಲ್ಲಿದೆ, ಸಾರು ಎಲ್ಲಿದೆ, ತಟ್ಟೆ ಎಲ್ಲಿದೆ ಎಂದು ತೋರಿಸಿದರು. ಪುಟ್ಟಮಾದಪ್ಪ ಪರಸ್ಥಳಕ್ಕೆ ಬಂದವರಂತೆ ಎಲ್ಲವನ್ನೂ ನೋಡಿಕೊಂಡರು.

ಹನೂರು ದಾಟಿ ಒಡೆಯರಪಾಳ್ಯದ ದಾರಿಯಲ್ಲಿ ಇಳಿದಾಗ ಮಾದಸ್ವಾಮಿ ಬೈಕಿನ ಹಿಂದೆ ಒಂದು ಆಟೋವನ್ನೂ ಕರೆತಂದು ಕಾದಿದ್ದ. ಜೋಳದ ಹೊಲದ ನಡುವೆ ಮನೆ. ಹೋದೊಡನೆ ಕಾಲಿಗೆ ನೀರು ಕೊಟ್ಟರು, ಚಾಪೆ ಹಾಸಿದರು, ಕಾಫಿ ಬಂತು, ಕಾಫಿಯ ಜೊತೆ ಉಪ್ಪಿಟ್ಟು ಬಂತು.

"ಯಾಕ್ ಇದೆಲ್ಲಾ, ಸುಮ್ಕಿರಬಾರ್ದಾ?" ಎಂದರು ಪುಟ್ಟಬಸಮ್ಮ. ಹಾಗೆ ಹೇಳುವ ಸರದಿ ಅವರಿಗೆ ಬಂದು ಬಹಳ ವರ್ಷವಾಗಿತ್ತು. ಉಪ್ಪಿಟ್ಟು ಬಾಯಿಗಿಟ್ಟು ಸೊಸೆಯ ಕಡೆ ವಾಲಿದರು. "ರವ ಉರ್ದಿಲ್ಲ," ಎಂದರು ಮೆಲ್ಲಗೆ, ಬಹಳ ಸಂತೋಷದಿಂದ.

ದಿವ್ಯ ಪೆಟ್ಟಿಗೆಯನ್ನು ಮಂಚದ ಕೆಳಗಿಟ್ಟು, ಜೊತೆಗೆ ತಂದ ವೈಫೈ ಡಬ್ಬಿಗೆ ಜೋಡಿಸಿದಳು. ಪುಟ್ಟಮಾದಮ್ಮ ಗುಬ್ಬಿಯಷ್ಟಿದ್ದರು. ಹೆಡ್‌ಸೆಟ್ಟು ಕಟ್ಟಿದರೆ ಮುಖವೆಲ್ಲ ಅದರೊಳಗೇ ಹೋಯಿತು. ಕೈಯಲ್ಲಿ ಅಕ್ಷತೆ ಹಿಡಿದುಕೊಂಡರು. ಎದುರಿಗೆ ಮಾದಸ್ವಾಮಿ, ರಮ್ಯ. ಸುತ್ತಲೂ ಮನೆಯವರು.

ತಾಳಿ ಕಟ್ಟಿದ. ಪುಟ್ಟಮಾದಮ್ಮ ಅಕ್ಷತೆ ಹಾಕಿ, "ನೂರ್ ಕಾಲ ಚೆಂದಾಗಿರಿ," ಎಂದರು. ಕೋಣೆಯಲ್ಲಿ ಎಲ್ಲರ ಕಣ್ಣೂ ಒದ್ದೆಯಾಯಿತು. ಹೆಡ್‌ಸೆಟ್ ತೆಗೆಯೋಣವೆಂದು ದಿವ್ಯ ಕೈ ಚಾಚಿದಳು.

"ತಡಿ," ಎಂದರು ಅಜ್ಜಿ. ಮೆಲ್ಲಗೆ ಕತ್ತು ಹಿಂದಕ್ಕೆ ತಿರುಗಿಸಿದರು. ಮದುವೆಯಲ್ಲಿ ಕ್ಯಾಮೆರಾದ ಹಿಂದೆ ನಿಂತರೆ ತಾವು ಚಿತ್ರದಲ್ಲಿ ಬರುವುದಿಲ್ಲವೆಂದು ಎಲ್ಲರೂ ನಂಬಿದ್ದರು. ಈ ಕ್ಯಾಮೆರಾಕ್ಕೆ ಹಿಂದೆಯೇ ಇಲ್ಲವೆಂದು ಅವರಿಗೆ ಯಾರೂ ಹೇಳಿರಲಿಲ್ಲ.

"ಲೇ ಚೆನ್ನಯ್ಯ!"

ಚೆನ್ನಯ್ಯ ಅವರ ಕಿರಿಮಗ. ಮಂಚದ ಕಾಲ ಬಳಿ ನಿಂತಿದ್ದವನು ಬೆಚ್ಚಿಬಿದ್ದ.

"ಅಣ್ಣನ್ ಮಗ ತಾಳಿ ಕಟ್ತಾವ್ನ, ನೀನು ಆ ಕಡ ತಿರುಗ್ಕಂಡು ಫೋನಲ್ಲಿ ಯಾನ್ಲಾ ನೋಡ್ತಿದ್ದೈ?"

"ಅದು... ಟೊಮೇಟೊ ರೇಟು ಕಣವ್ವ."

"ಟೊಮೇಟೊ! ಚಿಕ್ಕಿ, ನೀನೆಲ್ಲವ್ವ? ಇಲ್ಲೇ ಇಲ್ವಲ್ಲ!"

"ನಾನು ಉಗ್ರಾಣದಲ್ಲಿದ್ನಿ," ಎಂದರು ಚಿಕ್ಕಮಾದಮ್ಮ, ಹೆಮ್ಮೆಯಿಂದ. ಆ ಮದುವೆಯಲ್ಲಿ ಇಲ್ಲದಿದ್ದುದಕ್ಕೆ ಅವರಿಗೆ ಮೊದಲ ಸಲ ಸಮಾಧಾನವಾಯಿತು.

ಅಜ್ಜಿ ಸುತ್ತ ಒಂದು ಸುತ್ತು ನೋಡಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ವಿಚಾರಿಸಿದರು. ಯಾರು ಆಕಳಿಸುತ್ತಿದ್ದರು, ಯಾರು ಮುಹೂರ್ತಕ್ಕೆ ಮುಂಚೆಯೇ ಊಟದ ಹಾಲಿನ ಕಡೆ ಸರಿಯುತ್ತಿದ್ದರು, ಯಾರು ಹುಡುಗಿಯ ಕಡೆಯವರ ಒಡವೆ ಎಣಿಸುತ್ತಿದ್ದರು. ಕೋಣೆಯಲ್ಲಿದ್ದವರು ಒಬ್ಬೊಬ್ಬರಾಗಿ ಹೊರಗೆ ಕೆಲಸ ನೆನಪಿಸಿಕೊಂಡರು. ಬೈದು ಮುಗಿಸಿದ ಅಜ್ಜಿಗೆ ಹಸಿವಾಯಿತು. ಅನ್ನ ಕಲಸಿ ತರುವಂತೆ ಹೇಳಿದರು. ಅದನ್ನು ಕೇಳಿ ಚಿಕ್ಕಮಾದಮ್ಮ ದಿವ್ಯಳ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಇನ್ನೊಂದು ವಾರಕ್ಕೆ ತಮ್ಮ ಓರಗಿತ್ತಿಯ ಮನೆಗೂ, ಆಮೇಲೆ ಬೀಗರ ಮನೆಗೂ ಬರಬೇಕೆಂದು ದಿನ, ದುಡ್ಡು ಎರಡನ್ನೂ ಗೊತ್ತು ಮಾಡಿದರು.

ಊಟವಾದ ಮೇಲೆ ದಿವ್ಯಳಿಗೂ ಪುಟ್ಟಬಸಮ್ಮನಿಗೂ ಅರಿಶಿನ ಕುಂಕುಮ ಕೊಟ್ಟು ಬಸ್ಸು ಹತ್ತಿಸಿದರು.

ಹನೂರು ಹತ್ತಿರವಾದಂತೆ ನೆಟ್‌ವರ್ಕು ಬಂತು, ನೆಟ್‌ವರ್ಕಿನ ಹಿಂದೆಯೇ ಪ್ರಭುಸ್ವಾಮಿಯವರ ಫೋನು. ದಿವ್ಯಳ ತೊಡೆಯ ಮೇಲೆ ಸರ್ವರು. ಬಸ್ಸು ಕುಲುಕುವಾಗ ಕೈ ಬಿಡುವಂತಿರಲಿಲ್ಲ.

"ನೀವೇ ಎತ್ತಿ ಅತ್ತೆ. ಆಮೇಲೆ ಮಾಡ್ತೀನಿ ಅನ್ನಿ."

ಪುಟ್ಟಬಸಮ್ಮ ಫೋನನ್ನು ಕಿವಿಗಿಟ್ಟುಕೊಂಡರು. "ಅಲೋ. ನಾನು ಅವ್ಳತ್ತ."

"ನಮಸ್ಕಾರಮ್ಮ. ಸೋಮವಾರ ಸ್ಕೂಲ್ ಓಪನ್ನು. ದಿವ್ಯ ಬರ್ತಾರಲ್ವಾ?"

ಈ ಪ್ರಶ್ನೆಗೆ ಪುಟ್ಟಬಸಮ್ಮನ ಬಳಿ ಬೇಸಿಗೆಯೆಲ್ಲ ಉತ್ತರ ಸಿದ್ಧವಾಗಿತ್ತು. ಈಗ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡರು.

"ಒಂದ್ ಮಾತು ಸಾ. ನಿಮ್ ಸ್ಕೂಲಲ್ಲಿ ಮದ್ಯಾನ ಟೀಚರಿಗ ಊಟ ಯಾರ್ ಆಕ್ತಾರ?"

"ಊಟ? ಅವರವರ ಡಬ್ಬಿ ತರ್ತಾರಮ್ಮ."

"ಕೂತ್ಗಂಡು ಉಣ್ಣಕ ಒತ್ತು ಕೊಡ್ತಾರಾ?"

"ವ್ಯಾನ್ ಡ್ಯೂಟಿ ಇದ್ದಾಗ ಸ್ವಲ್ಪ ಬೇಗ..."

"ಅಂಗಾರ ಬರಕಿಲ್ಲ ಸಾ," ಎಂದು ಪುಟ್ಟಬಸಮ್ಮ ಫೋನು ಕತ್ತರಿಸಿ ಸೊಸೆಯ ಬ್ಯಾಗಿಗೆ ಹಾಕಿದರು.

ದಿವ್ಯ ಸರ್ವರನ್ನು ಅಪ್ಪಿಕೊಂಡೇ ತಿರುಗಿದಳು. "ಅತ್ತೆ! ಅದನ್ನ ಹೇಳ್ಬೇಕಾಗಿದ್ದೋಳು ನಾನು."

"ನೀನೇಳುದ್ರ ಬತ್ತೀನಿ ಅಂದ್ಬುಟ್ಟೀಯೇನೋ ಅಂತ."

"ನಾನ್ಯಾಕೆ ಬರ್ತೀನಿ ಅಂತೀನಿ?"

"ನಂಗೇನ್ ಗೊತ್ತು? ಯುಗಾದಿಯಿಂದ ನನ್ ಅಡ್ಗ ಬಯ್ಕಂಡೇ ಇದ್ದೈ. ಮನ ಬುಟ್ಟೋದ್ರ ಸಾಕು ಅನ್ನಂಗಾಗಿರ್ತದ."

ದಿವ್ಯ ಅತ್ತೆಯ ಮುಖ ನೋಡಿದಳು. ಪುಟ್ಟಬಸಮ್ಮ ರಸ್ತೆಯ ಕಡೆ ನೋಡುತ್ತಿದ್ದರು. ದಿವ್ಯ ಸರ್ವರನ್ನು ಎತ್ತಿ ಅತ್ತೆಯ ತೊಡೆಯ ಮೇಲಿಟ್ಟಳು. "ಹಿಡ್ಕೊಳಿ, ಬಿಡ್ಬೇಡಿ," ಎಂದು ತಾನೇ ಪ್ರಭುಸ್ವಾಮಿಯವರಿಗೆ ಫೋನು ಹಚ್ಚಿದಳು.

"ಸರ್, ದಿವ್ಯ. ಅತ್ತೆ ಹೇಳಿದ್ದು ಸರಿ ಸರ್, ಕಾರಣ ಮಾತ್ರ ಬೇರೆ. ನಂಗೆ ಕೆಲ್ಸ ಇದೆ."

ಅತ್ತಲಿಂದ ಏನೂ ಕೇಳಿಸುತ್ತಿಲ್ಲ ಎಂದರು.

"ಜೋರಾಗಿ ಏಳು ಮಗ, ಬಸ್ ಸದ್ದು," ಎಂದರು ಪುಟ್ಟಬಸಮ್ಮ.

"ನಂಗೆ ಕೆಲ್ಸ ಇದೆ ಸರ್!"

ಡ್ರೈವರ್ ಹೊರತು ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಮುಂದಿನ ಸೀಟಿನ ಹೆಂಗಸೊಬ್ಬರು ಸೀಟಿನ ಬೆನ್ನಿಗೆ ಗಲ್ಲ ಊರಿ, "ಯಾನ್ ಕೆಲ್ಸ ಕಣವ್ವ ಅದು?" ಎಂದು ಕೇಳಿದರು.

ಪುಟ್ಟಬಸಮ್ಮ ಪೆಟ್ಟಿಗೆಯನ್ನು ತೊಡೆಯ ಮೇಲೆ ಭದ್ರ ಮಾಡಿಕೊಂಡು, ಸೆರಗು ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು.

"ನಿಮ್ಮನೇಲಿ ಈ ವರ್ಸ ಯಾರ್ದಾರ ಮದ್ವ ಆಯ್ತಾ?" ಎಂದರು.